ಅಮ್ಮ ಹೇಳದೆ ಬಿಟ್ಟ ಎಂಟು ವಾಕ್ಯಗಳು

ಆ ಎಂಟು ನಕ್ಷತ್ರಗಳನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ವಾಕ್ಯರಚನೆಯ ಸಿದ್ಧಾಂತ ಓದುವವರಲ್ಲಿ ಒಂದು ಪದ್ಧತಿ ಇದೆ. ಮನೆಮಾತಿನವರು ಒಪ್ಪದ ವಾಕ್ಯದ ಮುಂದೆ ನಕ್ಷತ್ರ ಹಾಕುವುದು. ಆಮೇಲೆ ಅವರ ತಲೆಯೊಳಗಿನ ಯಾವ ನಿಯಮ ಅದನ್ನು ತಡೆಯಿತೆಂದು ಮರದ ಹಾಗೆ ಕೊಂಬೆ ಬಿಡಿಸಿ ತೋರಿಸುವುದು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವನು ನಾನೊಬ್ಬನೇ. ಆ ಮರಗಳನ್ನು ಒದ್ದಾಡಿ ಕಲಿತೆ. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ.

"ನಿಮ್ಮ ಕನ್ನಡ ಓದಿ ಕೆಟ್ಟಿದೆ" ಎಂದರು ಪಿಎಚ್.ಡಿ. ಮಾರ್ಗದರ್ಶಕರು. "ಮನೇಲಿ ಓದು ಬರದವರು ಇದ್ದಾರಲ್ಲ, ಅವರನ್ನ ಕೇಳ್ಕೊಂಡು ಬನ್ನಿ."

ನಮ್ಮೂರು ಹಿಂದೂಪುರಕ್ಕೆ ಹೋದೆ. ಅಮ್ಮ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಓದಿದ್ದನ್ನು ಅವಳು ತಿರುಗಿ ಹೇಳಬೇಕು. ಹೇಳಿದರೆ ಸರಿ, ಹೇಳದಿದ್ದರೆ ನಕ್ಷತ್ರ. ಇಂಗ್ಲಿಷ್ ಪುಸ್ತಕಗಳ ಉದಾಹರಣೆಗಳಲ್ಲಿ ಯಾರೋ ಯಾರನ್ನೋ ಹೊಡೆಯುತ್ತಲೇ, ಕೊಲ್ಲುತ್ತಲೇ ಇರುತ್ತಾರೆ. ನಾನು ಹೆಸರು ತೆಗೆದು ಅಪ್ಪ, ಅಮ್ಮ, ಮಗ ಎಂದು ಹಾಕಿಕೊಂಡಿದ್ದೆ.

"ಹೇಳಮ್ಮ. ಮಗ ಸತ್ತೋದ ಅಂತ ಯಾರು ಹೇಳಿದ್ದನ್ನ ಅಮ್ಮ ನಂಬಿದ್ಲು?"

ಅವಳ ಕೈ ನಿಂತಿತು. "ಮುಂದಿಂದು ಓದಪ್ಪ."

"ಅಪ್ಪ ಬಾವಿಗೆ ಬಿದ್ದ ಅಂತ..."

"ಅದೂ ಬ್ಯಾಡ. ಇರು, ಕಾಫಿ ಕಾಸ್ಕಂಡು ಬತ್ತೀನಿ."

ಹೀಗೆ ಎಂಟು ನಕ್ಷತ್ರ. ಮಾರ್ಗದರ್ಶಕರಿಗೆ ಖುಷಿಯೋ ಖುಷಿ. ಹೀಗೆ ಒಂದರೊಳಗೊಂದು ಸೇರಿದ ವಾಕ್ಯದ ಒಳಭಾಗದಲ್ಲಿ 'ಯಾರು' ಎಂಬ ಪ್ರಶ್ನೆ ಕೂರಲಾಗದು ಎಂಬುದು ಅವರು ನಂಬಿದ ಸಿದ್ಧಾಂತ. "ನೋಡಿದ್ರಾ, ನಿಮ್ಮೂರ ಕನ್ನಡವೂ ಸಿದ್ಧಾಂತದ ಒಳಗೇ ಇದೆ" ಎಂದರು. ಆ ನಕ್ಷತ್ರಗಳ ಮೇಲೆ ಇಡೀ ಒಂದು ಅಧ್ಯಾಯ ಕಟ್ಟಿದೆ.

ಪ್ರಬಂಧ ಸಲ್ಲಿಸುವ ಮೊದಲು ಇನ್ನೊಬ್ಬರನ್ನಾದರೂ ಕೇಳಿರಬೇಕು ಎಂಬ ಕಟ್ಟಳೆ ಇತ್ತು. ಕಲ್ಯಾಣದುರ್ಗದಲ್ಲಿ ಕುರಿ ಸಾಕಿಕೊಂಡಿದ್ದ ದೊಡ್ಡಮ್ಮನ ಮುಂದೆ ಅದೇ ಪಟ್ಟಿ ಓದಿದೆ.

"ಥೂ, ಬಿಡ್ತು ಅನ್ನು!" ಎಂದು ನನ್ನ ಮೊಣಕೈಗೆ ಹೊಡೆದಳು. "ನಿಮ್ಮಮ್ಮನ ಕೈಲೂ ಇದನ್ನೇ ಹೇಳಿಸ್ದೇನ್ಲಾ? ಹೆತ್ತೋಳ ಬಾಯಲ್ಲಿ? ಇದೇನು ಚದುವೋ, ಇದೇನು ಓದೋ ನಿಂದು! ಮಗನ ಜಾಗಕ್ಕೆ ತೋಳ ಅಂತ ಹಾಕು ಕಣ್ಲಾ, ನೂರು ಸಲ ಅಂತೀನಿ."

ತೋಳ ಎಂದು ಹಾಕಿದೆ. ಸಾಯುವವರು, ಬೀಳುವವರು, ಒದೆ ತಿನ್ನುವವರು ಎಲ್ಲರೂ ತೋಳಗಳಾದರು. ಎಂಟನ್ನೂ ತಡವರಿಸದೆ ಹೇಳಿದಳು. ಕೊನೆಯದಕ್ಕೆ ಒಂದು ಬೈಗುಳವನ್ನೂ ಸೇರಿಸಿದಳು.

ಅಮ್ಮನನ್ನು ಯಾವ ನಿಯಮವೂ ತಡೆದಿರಲಿಲ್ಲ. ಎದುರು ಕೂತ ಮಗನ ಸಾವನ್ನು ಬಾಯಿಂದ ಆಡಲು ಅವಳು ಹೆದರಿದ್ದಳು, ಅಷ್ಟೆ. ಅಪಶಕುನದ ಮಾತು ಜಾರಿದರೆ "ಬಿಡ್ತು" ಅನ್ನಿಸುವ ಮನೆಯಲ್ಲೇ ನಾನೂ ಬೆಳೆದವನು. ಗೊತ್ತಿರಲಿಲ್ಲ ಎಂದರೆ ಸುಳ್ಳು. ನನಗೆ ನಕ್ಷತ್ರ ಬೇಕಿತ್ತು. ಆ ಅಧ್ಯಾಯ ಮುಟ್ಟಿದರೆ ಕೈ ತೊಳೆಯಬೇಕೆನಿಸಿತು.

ಮಾರ್ಗದರ್ಶಕರಿಗೆ ಎಲ್ಲವನ್ನೂ ಹೇಳಿದೆ. ಅವರು ಟೀಯಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. "ಈಗ್ಯಾಕೆ ಕೆದಕ್ತೀರಿ? ಅಧ್ಯಾಯ ಚೆನ್ನಾಗಿ ಬಂದಿದೆ. ಹಿಂದೂಪುರಕ್ಕೆ ಹೋಗಿ ನಿಮ್ಮ ತಾಯೀನ ಯಾರು ಕೇಳ್ತಾರೆ?" ಮೆತ್ತಗಾದ ಬಿಸ್ಕತ್ತಿನ ಚೂರು ನನ್ನ ಹಾಳೆಯ ಮೇಲೆ ಬಿತ್ತು. ಬೆರಳಿನಿಂದ ಒರೆಸಿ ಬಾಯಿಗೆ ಹಾಕಿಕೊಂಡರು.

"ನಾನೇ ಕೇಳಿದ್ದೀನಲ್ಲ ಸಾರ್" ಎಂದು ಹಾಳೆಗಳನ್ನು ಎತ್ತಿಕೊಂಡು ಹೊರಬಂದೆ.

ಆ ವರ್ಷ ಪ್ರಬಂಧ ಸಲ್ಲಿಸಲಾಗಲಿಲ್ಲ. ಅಧ್ಯಾಯವನ್ನು ಮೊದಲಿಂದ ಬರೆಯಲು ಇನ್ನೊಂದು ವರ್ಷ ಹಿಡಿಯಿತು. ಎಂಟು ವಾಕ್ಯಗಳ ಮುಂದೆ ಈಗ ಏನೂ ಇಲ್ಲ. ಸಿದ್ಧಾಂತ ಇಲ್ಲಿ ನಡೆಯುವುದಿಲ್ಲ ಎಂದು ಅವುಗಳ ಕೆಳಗೆ ಬರೆದಿದ್ದೇನೆ. ಮಾರ್ಗದರ್ಶಕರು ಆ ಪುಟವನ್ನು ಓದದೆಯೇ ಸಹಿ ಹಾಕಿದರು.