ಶನಿವಾರದ ಬರಿಗೈ

ಆಕೆಯ ಕೈಯಲ್ಲಿ ಬಳೆ ಇರಲಿಲ್ಲ. ನಾನು ಮೊದಲು ನೋಡಿದ್ದೇ ಅದನ್ನು. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಹೊಸ ತಾಳಿ, ಮುಡಿಯಲ್ಲಿ ಕನಕಾಂಬರ, ಎಲ್ಲ ಇತ್ತು. ಕೈ ಮಾತ್ರ ತೊಳೆದಿಟ್ಟ ಸೌಟಿನ ಹಾಗೆ ಬೋಳು. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಕೈ ಚಾಚಿ ನನ್ನ ಮಗನ ಬ್ಯಾಗು ಇಸಿದುಕೊಂಡು, "ನಾನು ನೋಡ್ಕೋತೀನಿ ಅಕ್ಕಾ" ಅಂದಳು. ನನ್ನ ಗಂಡನಾಗಿದ್ದವರನ್ನು ಕಟ್ಟಿಕೊಂಡವಳು ನನ್ನನ್ನು ಅಕ್ಕ ಅನ್ನುವುದೇ ನನಗೆ ಸರಿಬರಲಿಲ್ಲ. ಮುತ್ತೈದೆಯ ಬರಿಗೈಯಂತೂ ಮನಸ್ಸಿಗೆ ಮುಳ್ಳಿನ ಹಾಗೆ ಚುಚ್ಚಿತು. ಇಂಥವಳ ಕೈಗೆ ಮಗನನ್ನು ಹೇಗೆ ಕೊಡುವುದು?

ಕೊಡಲೇಬೇಕಿತ್ತು. ನಾವು ಕೋರ್ಟಿನಲ್ಲಿ ಬೇರೆಯಾದವರು. ನಾನು ವಕ್ಕಲೇರಿಯಲ್ಲಿ ಅಣ್ಣನ ಮನೆಗೆ ಅಂಟಿಕೊಂಡಿರುವ ಎರಡು ಕೋಣೆಯಲ್ಲಿದ್ದೇನೆ. ಅವರು ಗೌನಿಪಲ್ಲಿ ಹತ್ತಿರ ಮಾವಿನ ತೋಟದ ಮನೆಯಲ್ಲಿ. ಮಗನಿಗೆ ಹದಿನಾಲ್ಕು ವರ್ಷ, ಆಟಿಸಂ ಇದೆ. ಮಾತು ಕಡಿಮೆ, ಬೇಕಾದದ್ದನ್ನು ನಮ್ಮ ಕೈ ಹಿಡಿದು ತೋರಿಸುತ್ತಾನೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಅಪ್ಪನ ಮನೆಗೆ ಹೋಗಿ ಭಾನುವಾರ ಸಂಜೆ ಹಿಂದಿರುಗಬೇಕೆಂದು ತೀರ್ಮಾನವಾಗಿತ್ತು. ಮದುವೆಯಾದ ಹೊಸತರಲ್ಲಿ ಕೆಲವು ಸಲ ಅವರೇ ಬಂದಿದ್ದರು, ಆಮೇಲೆ ಕರೆದೊಯ್ಯಲು, ತಂದುಬಿಡಲು ಬರುತ್ತಿದ್ದವಳು ಆಕೆಯೇ.

ನನ್ನ ಮನೆಯಲ್ಲಿ ಎಲ್ಲಕ್ಕೂ ಒಂದು ಕ್ರಮ. ಅದೇ ತಟ್ಟೆ, ಅದೇ ಮೂಲೆ, ಅದೇ ಹೊತ್ತಿಗೆ ಊಟ. ಅವನಿಗೆ ಶಬ್ದ ಆಗದು ಎಂದು ಕೋಲಾರದಲ್ಲಿ ಕಲಿಸುವ ಮೇಡಂ ಹೇಳಿದ ದಿನದಿಂದ ಅವನಿರುವಾಗ ಮಿಕ್ಸಿ ಹಾಕುವುದಿಲ್ಲ. ದೇವರ ಪೂಜೆಗೆ ಗಂಟೆ ಬಾರಿಸುವುದನ್ನೂ ನಿಲ್ಲಿಸಿದೆ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಆ ಮನೆಯಲ್ಲಿ ಹೊತ್ತುಗೊತ್ತೇ ಇಲ್ಲ. ಹಸಿದಾಗ ಊಟ, ನಿದ್ದೆ ಬಂದ ಕಡೆ ಹಾಸಿಗೆ. ಮಗ ಹಿಂದಿರುಗಿದರೆ ಬಟ್ಟೆಯ ತುಂಬ ಮಣ್ಣು. ಒಮ್ಮೆ ಕೆನ್ನೆಯ ಮೇಲೆ ಕಪ್ಪು ಕಲೆ ಇತ್ತು. ಮಾವಿನ ಸೊನೆ ತಾಗಿದ್ದು ಅಂದಳು. ಸೊನೆಯೋ ಯಾರಾದರೂ ಇಟ್ಟ ಬರೆಯೋ ಎಂದು ದೀಪದ ಹತ್ತಿರ ಹಿಡಿದು ನೋಡಿದೆ. ಅಂಗಿ ಮೂಸುತ್ತಿದ್ದೆ. ಸ್ನಾನದ ನೆಪದಲ್ಲಿ ಬೆನ್ನು ನೋಡುತ್ತಿದ್ದೆ.

ಒಂದು ಭಾನುವಾರ ಬಂದವನ ಕೈಯುಗುರೆಲ್ಲ ನುಣ್ಣಗೆ ಕತ್ತರಿಸಿತ್ತು. ನಮ್ಮಲ್ಲಿ ಉಗುರು ತೆಗೆಯುವುದೆಂದರೆ ಯುದ್ಧ. ಅಣ್ಣ ಹಿಂದಿನಿಂದ ತೋಳು ಬಿಗಿಹಿಡಿಯಬೇಕು, ನಾನು ಒಂದೊಂದೇ ಬೆರಳು ಬಿಡಿಸಬೇಕು, ಅವನು ಕಿರುಚಿ ನನ್ನ ಕೈ ಕಚ್ಚುತ್ತಾನೆ. ಮೀಸೆ ಚಿಗುರುತ್ತಿರುವ ಹುಡುಗನನ್ನು ಇನ್ನೆಷ್ಟು ದಿನ ಹೀಗೆ ಹಿಡಿಯಲಾದೀತು? ಅಂಥವನ ಉಗುರನ್ನು ಒಂದು ಗೀರೂ ಇಲ್ಲದೆ ಆಕೆ ಹೇಗೆ ತೆಗೆದಳು? ಕೇಳಿದ್ದಕ್ಕೆ, ಕೂತುಕೊಂಡ, ಕತ್ತರಿಸಿದೆ ಅಂದಳು. ಅಷ್ಟು ಸಲೀಸಾಗಿ ಹೇಳಿದ್ದಕ್ಕೇ ನನ್ನ ಅನುಮಾನ ಗಟ್ಟಿಯಾಯಿತು. ನಿದ್ದೆ ಬರುವಂಥದ್ದೇನೋ ಹಾಲಿಗೆ ಹಾಕಿ ಕೊಡುತ್ತಿದ್ದಾಳೆ. ವಕೀಲರನ್ನು ಕಂಡು ಕಳಿಸುವುದನ್ನೇ ನಿಲ್ಲಿಸಬೇಕು. ಅದಕ್ಕೆ ಮೊದಲು ಕಣ್ಣಾರೆ ನೋಡಬೇಕು.

ಮುಂದಿನ ಸಲ ಮಗನನ್ನು ಒಪ್ಪಿಸಿ, ಮುಂದಿನ ಬಸ್ಸಿಗೆ ಹೇಳದೆ ಕೇಳದೆ ನಾನೂ ಹೊರಟೆ. ತೋಟದ ಗೇಟಿನ ಬಳಿಯೇ ಅತ್ತೆಯ ಗಂಟಲು ಕೇಳಿಸಿತು. ಒಂದು ಕಾಲಕ್ಕೆ ನನ್ನ ಅತ್ತೆ, ಈಗ ಆಕೆಯ ಅತ್ತೆ. "ನನ್ ಮಗ ಇನ್ನೂ ಗುಂಡುಕಲ್ಲಿನಂಗವ್ನೆ ಕಣೇ. ಮುಂಡೆ ತರ ಕೈ ಬೋಳು ಮಾಡ್ಕೊಂಡು ತಿರುಗ್ಬೇಡ."

ಆಕೆ ಜಗಲಿಯ ಮೇಲೆ ಮಗನ ಎದುರಿಗಲ್ಲ, ಪಕ್ಕದಲ್ಲಿ ಕೂತಿದ್ದಳು. ಕಾಲುಗುರು ಕತ್ತರಿಸುತ್ತಿದ್ದಳು. ಒಂದು ಉಗುರಾದ ಮೇಲೆ ಕಟ್ಟರನ್ನು ಅವನ ಕೈಗೆ ಕೊಡುವುದು. ಅವನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟಾಗ ಇನ್ನೊಂದು. ಅವನ ಕಣ್ಣಲ್ಲಿ ನಿದ್ದೆಯಿಲ್ಲ, ಮಂಪರಿಲ್ಲ. ಶನಿವಾರ ಉಗುರು ತೆಗೆಯಬಾರದು ಎನ್ನಲು ಬಾಯಿ ತೆರೆದವಳು, ಬಾಗಿಲ ಪಕ್ಕದ ಗೂಟದಲ್ಲಿ ತೂಗುತ್ತಿದ್ದ ಹಸಿರು ಗಾಜಿನ ಬಳೆಗಳನ್ನು ಕಂಡು ಅವನ್ನೇ ನೋಡತೊಡಗಿದೆ.

ಆಕೆ ಎದ್ದಳು. ಯಾಕೆ ಬಂದಿರಿ ಎನ್ನಲಿಲ್ಲ. ನಾನು ಎಲ್ಲಿ ನೋಡುತ್ತಿದ್ದೇನೆಂದು ಗೊತ್ತಾಗಿತ್ತು.

"ಮೊದಮೊದ್ಲು ಬಡಿಸೋವಾಗೆಲ್ಲ ಕಿವಿ ಮುಚ್ಕೊಳ್ತಿದ್ದ ಅಕ್ಕಾ. ಒಂದಿನ ಬಳೆ ತೆಗೆದಿಟ್ಟು ಬಡಿಸ್ದೆ, ಉಂಡ. ಅದಕ್ಕೇ ಇವನು ಬರೋ ದಿನ ಸೋಪು ಹಚ್ಚಿ ತೆಗೆದುಬಿಡ್ತೀನಿ. ಭಾನುವಾರ ಬಿಟ್ಟು ಬಂದು ಹಾಕ್ಕೊಳ್ತೀನಿ."

ನಾನು ಆಕೆಯನ್ನು ನೋಡಿದ್ದೆಲ್ಲ ಮಗನನ್ನು ಕೊಡುವಾಗ, ತೆಗೆದುಕೊಳ್ಳುವಾಗ. ಬಳೆ ತೊಟ್ಟ ಕೈ ನನಗೆ ಕಾಣುವುದಾದರೂ ಹೇಗೆ?

ಆಕೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. "ಇವನ ತೋಳಲ್ಲಿ ಬೆರಳಿನ ಗುರುತು ಇರ್ತಿತ್ತು. ನೀವು ಹೊಡೀತೀರೇನೋ ಅಂತ, ಬಂದ ತಕ್ಷಣ ಅಂಗಿ ಬಿಚ್ಚಿ ನೋಡ್ತಿದ್ದೆ. ತಪ್ಪು ತಿಳ್ಕೋಬೇಡಿ."

ಅದು ಅಣ್ಣ ಉಗುರಿಗಾಗಿ ಬಿಗಿಹಿಡಿದ ಗುರುತು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಒಳಗಿನಿಂದ ಅತ್ತೆ "ಎವರೇ ಅದಿ?" ಎಂದು ತೆಲುಗಿನಲ್ಲಿ ಯಾರೆಂದು ವಿಚಾರಿಸಿದರು. ನಮ್ಮಕ್ಕ ಬಂದಿದ್ದಾರೆ ಅಂದಳು ಆಕೆ. ಆ ಸಲ ಅಕ್ಕ ಅನ್ನುವುದು ಅಷ್ಟೇನೂ ಚುಚ್ಚಲಿಲ್ಲ.

ತಾಳಿ ಕಟ್ಟಿದವರು ಬೇರೆಯಾದಾಗ ತಾಳಿ ತೆಗೆದಿಟ್ಟಿದ್ದೆ. ಬಳೆ ತವರಿನದು, ತೊಟ್ಟಿಲಲ್ಲಿದ್ದಾಗಿನಿಂದ ಅಮ್ಮ ತೊಡಿಸುತ್ತ ಬಂದದ್ದು. ಅದನ್ನು ಯಾರಿಗೋಸ್ಕರವೂ ತೆಗೆಯಲಾರೆ ಎಂದುಕೊಂಡಿದ್ದವಳು ನಾನು. ದೇವರ ಗಂಟೆ ನಿಲ್ಲಿಸಿದ್ದೆ, ನನ್ನ ಕೈಬಳೆಯ ಸದ್ದೇ ನನಗೆ ಕೇಳಿಸಿರಲಿಲ್ಲ. ಭಾನುವಾರ ಮಗ ಬರುವ ಮುಂಚೆ ದೇವರ ಮುಂದೆ ಕೂತು ಒಂದೊಂದಾಗಿ ತೆಗೆದೆ. ಬರಿಗೈ ಬೇಡವೆಂದು ಅರಿಶಿನದಲ್ಲಿ ಅದ್ದಿದ ದಾರ ಕಟ್ಟಿಕೊಂಡೆ. ಮಗ ನನ್ನ ಮಣಿಕಟ್ಟು ಹಿಡಿದು ತುಂಬ ಹೊತ್ತು ನೋಡಿದ. ಅನ್ನ ಕಲಸಿದಾಗ ಕಿವಿ ಮುಚ್ಚಲಿಲ್ಲ. ನನ್ನ ಕೈಯಿಂದಲೇ ಒಂದು ತುತ್ತು ತಿಂದ, ಇನ್ನೊಂದಕ್ಕೆ ಬಾಯಿ ತೆರೆದ. ಭಗವಂತ ಕೊಡುವುದು ಹೀಗೇ, ತುತ್ತು ತುತ್ತಾಗಿ.

ಆಮೇಲಿನ ಶನಿವಾರ ಇನ್ನೊಂದು ಅರಿಶಿನದ ದಾರ ಒಯ್ದು ಬಸ್ ಸ್ಟ್ಯಾಂಡಿನಲ್ಲೇ ಆಕೆಯ ಕೈಗೆ ಕಟ್ಟಿದೆ, ಅತ್ತೆಯ ಬಾಯಿ ಸ್ವಲ್ಪವಾದರೂ ಮುಚ್ಚಲಿ ಅಂತ. ಹಾಗೆಂದು ಪೂರ್ತಿ ನಂಬಿದ್ದೇನೆ ಎಂದರೆ ಸುಳ್ಳಾದೀತು. ಅವನು ಬಂದರೆ ಇವತ್ತಿಗೂ ಅಂಗಿ ಮೂಸುತ್ತೇನೆ. ಆಕೆಯೂ ಅಲ್ಲಿ ಅವನ ಅಂಗಿ ಬಿಚ್ಚಿ ತೋಳು ನೋಡುವುದನ್ನು ಬಿಟ್ಟಿರಲಾರಳು. ನೋಡಲಿ. ನಾನಿಲ್ಲದ ಕಾಲಕ್ಕೂ ಹಾಗೆ ನೋಡುವ ಒಂದು ಕೈ ಅವನಿಗೆ ಬೇಕಲ್ಲ.