ಮೂಲೆ ಹರಿದ ಲಕೋಟೆ

“ಒಳಗ ತರಬ್ಯಾಡವಾ! ಮೂಲಿ ಹರದೈತಿ, ಯಾರೋ ಹೋಗ್ಯಾರ,” ಎಂದು ಅವ್ವ ಬೆಟಗೇರಿಯ ನಮ್ಮ ಮನೆಯ ಹೊಸ್ತಿಲಲ್ಲೇ ನನ್ನನ್ನು ತಡೆದಳು. ಸಾವಿನ ಸುದ್ದಿಯ ಪತ್ರದ ಮೂಲೆ ಹರಿದು ಕಳಿಸುವುದು ನಮ್ಮ ಕಡೆಯ ಹಳೆಯ ರೂಢಿ. ಲಕೋಟೆ ಬಂದದ್ದು ಐರ್ಲೆಂಡಿನಿಂದ. ಇಂಗ್ಲಿಷ್ ಕಲಿಯಲೆಂದು ನಾನೇ ಆರಿಸಿಕೊಂಡ ಪತ್ರಮಿತ್ರೆ, ನಿವೃತ್ತ ಶಿಕ್ಷಕಿ, ಆಸ್ಪತ್ರೆಗೆ ಸೇರುತ್ತಿದ್ದೇನೆಂದು ಹಿಂದಿನ ಸಲ ಬರೆದಿದ್ದರು. ನಮ್ಮ ಮನೆತನಕ್ಕೇ ಮೊದಲ ಪದವೀಧರೆ ನಾನು, ಇಂಥದ್ದನ್ನೆಲ್ಲ ನಂಬುವವಳಲ್ಲ. ದಾರಿಯಲ್ಲಿ ಹರಿದಿರಬೇಕೆಂದು ಗೊತ್ತಿದ್ದರೂ ಹೊಸ್ತಿಲು ದಾಟಲಿಲ್ಲ.

ಅಲ್ಲೇ ನಿಂತು ಒಡೆದೆ. ಒಳಗೆ ನನ್ನದೇ ಪತ್ರ, ತುಂಬ ಅವರ ಕೆಂಪು ಶಾಯಿಯ ತಿದ್ದುಪಡಿ. ಕೆಳಗೆ, ‘ಹುಷಾರಾಗಿ ಮನೆಗೆ ಬಂದೆ’ ಎಂಬ ಸಾಲು.

“ಎಷ್ಟ ತಪ್ಪ ಮಾಡೀದಿ?” ಎಂದಳು ಅವ್ವ.

“ಹದಿನಾಲ್ಕು.”

“ಇರ್ಲಿ ಬಿಡು. ತಿದ್ದಾಕ ಆಕಿ ಅದಾಳಲ್ಲ.”

ಒಂದು ತಪ್ಪಿಗೂ ನಾಚುತ್ತಿದ್ದವಳು ಈಗ ಬರೆದದ್ದನ್ನು ಹಾಗೇ ಅಂಚೆಗೆ ಹಾಕುತ್ತೇನೆ. ಅದು ಕೆಂಪಾಗಿ ಮರಳುವವರೆಗೆ ಮಾತ್ರ ನೆಮ್ಮದಿ ಇರುವುದಿಲ್ಲ.