ಗಂಟಲಿನ ಕಲ್ಲು ಮತ್ತು ಸೋಮವಾರದ ಸುದ್ದಿ

ನಾನು ಚಿಕ್ಕವನಿದ್ದಾಗ, ಆರನೆಯ ತರಗತಿಯಲ್ಲಿ, ಸುಮಾರು ಎರಡು ವಾರ ಬಾಯಿ ತೆರೆಯಲು ಹೆದರುತ್ತಿದ್ದೆ. ಕೂದಲು ಇನ್ನೂ ಕಪ್ಪಿರುವ ನನ್ನನ್ನು ಅಜ್ಜ ಎಂದು ಕರೆಯಲು ನಿಮಗೆ ನಗು ಬರುತ್ತದೆ. ಆದರೆ ನನಗಿಂತ ಹತ್ತೊಂಬತ್ತು ವರ್ಷ ದೊಡ್ಡವಳಾದ ಅಕ್ಕನ ಮೊಮ್ಮಕ್ಕಳು ನೀವು. ಹಾಗಾಗಿ ನಾನು ಅಜ್ಜನೇ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಮನೆ ಅಂಕೋಲೆಯಲ್ಲಿತ್ತು.

ಶಾಲೆಯಲ್ಲಿ ಪ್ರಾರ್ಥನೆಯಾದ ಮೇಲೆ ದಿನದ ಸುದ್ದಿ ಓದುವ ಕೆಲಸ ನನ್ನದು. ಅಂಗಡಿಯಲ್ಲಿ ಪೇಪರ್ ನೋಡಿ ಐದು ಸುದ್ದಿ ಬರೆದುಕೊಂಡು ಮೈಕಿನ ಮುಂದೆ ನಿಲ್ಲುತ್ತಿದ್ದೆ. ಅದಕ್ಕಿಂತ ಇಷ್ಟವಾದ ಕೆಲಸ ನನಗೆ ಬೇರೆ ಇರಲಿಲ್ಲ. ಒಂದು ದಿನ ನನ್ನ ನಂತರ ಸುಭಾಷಿತ ಹೇಳಲು ಬಂದ ಹುಡುಗ ಕರವಸ್ತ್ರ ತೆಗೆದು ಮೈಕನ್ನು ಒರೆಸಿದ. "ಎಂತಾ ಮಾರಾಯ, ಬಾಯೊಳಗೆ ಒಣಮೀನು ಹರಡಿದ್ಯಾ?" ಎಂದ. ಮೈಕು ಚಾಲೂ ಇತ್ತು. ಇಡೀ ಶಾಲೆ ನಕ್ಕಿತು.

ಮರುದಿನದಿಂದ ನಾನು ಸುದ್ದಿ ಓದಲಿಲ್ಲ. ಗಂಟಲು ನೋವು ಎಂದೆ. ಮಾಸ್ತರರು ಒಂದು ವಾರ ಕಾದರು. "ಸೋಮವಾರ ನೀನು ಬರದಿದ್ರೆ ಬೇರೆಯವರಿಗೆ ಕೊಡ್ತೆ" ಎಂದರು.

ದಿನಕ್ಕೆ ಮೂರು ಸಲ ಹಲ್ಲುಜ್ಜಿದೆ. ಲವಂಗ ಜಗಿದು ನಾಲಿಗೆ ಸುಟ್ಟುಕೊಂಡೆ. ವಾಸನೆ ಹೋಗಲಿಲ್ಲ. ಎಂಜಲು ನುಂಗುವಾಗ ಎಡಗಡೆ ಏನೋ ಚುಚ್ಚಿದ ಹಾಗೆ ಆಗುತ್ತಿತ್ತು. ನಮ್ಮ ಮನೆಯಲ್ಲಿ ಗಂಟಲಿಗೆ ಏನಾದರೂ ಸಿಕ್ಕಿತು ಎಂದರೆ ಅದಕ್ಕೆ ಒಂದೇ ಅರ್ಥ, ಮೀನಿನ ಮುಳ್ಳು. ಅಮ್ಮ ಮೂರು ದಿನ ಕುಚ್ಚಲಕ್ಕಿ ಅನ್ನವನ್ನು ಬಿಗಿಯಾಗಿ ಒತ್ತಿ ಉಂಡೆ ಮಾಡಿಕೊಟ್ಟಳು. ಅಗಿಯದೆ ನುಂಗಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಮುಳ್ಳು ಹೋಗಲಿಲ್ಲ.

ಅಪ್ಪನಿಗೆ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ. ವಾರದ ಕೊನೆಗೆ ಮನೆಗೆ ಬರುತ್ತಿದ್ದ. ಆ ಶನಿವಾರ ಬೆಳಿಗ್ಗೆ ನನ್ನನ್ನು ಜಗಲಿಯಲ್ಲಿ ಕೂರಿಸಿ ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟ. ಕಾರವಾರದ ಹಬ್ಬುವಾಡದಿಂದ ಬಂದಿದ್ದ ಅಕ್ಕನೂ ಪಕ್ಕದಲ್ಲಿ ಬಗ್ಗಿ ನೋಡಿದಳು.

"ಬೆಳ್ಳಗೆ ಕಾಣ್ತದೆ. ತಾರ್ಲೆ ಮೀನಿನ ಮುಳ್ಳೇ ಅದು," ಎಂದ ಅಪ್ಪ.

"ಮುಳ್ಳಾದ್ರೆ ಇಷ್ಟು ದಿನ ಇರ್ತಿತ್ತಾ ಅಪ್ಪಾ?"

"ನಲವತ್ತೈದು ವರ್ಷದಿಂದ ಮೀನು ತಿಂತಾ ಬಂದವ ನಾನು. ನಿನ್ನ ತಲೆಯ ಪಿನ್ನು ಕೊಡು."

ಪಿನ್ನಿನ ತುದಿ ತಾಗಿದ ಕೂಡಲೇ ಓಕರಿಕೆ ಬಂತು. ಉಗುಳಿದರೆ ರಕ್ತ. ಅಪ್ಪ ಬ್ಯಾಟರಿ ಆರಿಸಿ ಹಿತ್ತಲಿಗೆ ಹೋದ. ಅಕ್ಕ ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಂಡು, "ಚಪ್ಪಲಿ ಹಾಕ್ಕೋ ತಮಾ. ಕಾರವಾರಕ್ಕೆ ಹೋಗುವಾ" ಎಂದಳು.

ಬಸ್ಸಿನಲ್ಲಿ ನಾನು ಮೂರು ಸಲ ಸೀಟು ಬದಲಿಸಿದೆ. ಕಿಟಕಿಯ ಬಳಿ ಕೂತರೆ ಗಾಳಿ ನನ್ನ ಉಸಿರನ್ನು ಹಿಂದಿನವರಿಗೆ ಒಯ್ಯುತ್ತದೆ ಎಂಬ ಹೆದರಿಕೆ. ಕೊನೆಯ ಸೀಟಿನಲ್ಲಿ ಡೀಸೆಲ್ ವಾಸನೆ ಇತ್ತು. ಅಲ್ಲಿ ಸ್ವಲ್ಪ ಸಮಾಧಾನವಾಯಿತು. ಬಿಣಗಾ ಘಟ್ಟದಲ್ಲಿ ಸಮುದ್ರ ಕಂಡಿತು. ಯಾವಾಗಲೂ ಎದ್ದು ನಿಂತು ನೋಡುತ್ತಿದ್ದವನು ಅಂದು ಸೋಮವಾರಕ್ಕೆ ಎಷ್ಟು ಗಂಟೆ ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದೆ.

ಗಂಟಲಿನ ಡಾಕ್ಟರು ವಯಸ್ಸಾದ ಹೆಂಗಸು. ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದೆ.

"ಹಾಗಾದ್ರೆ ಮೂಗು ನೋಡಿ ಔಷಧ ಕೊಡೂದಾ ನಾನು?"

"ವಾಸನೆ ಬರ್ತದೆ," ಎಂದೆ.

"ಬೆಳಿಗ್ಗೆಯಿಂದ ಎಷ್ಟೋ ಬಾಯಿ ನೋಡಿದೆ. ತೆಗಿ."

ಅವರು ಬೆಳಕು ಬಿಟ್ಟು ನೋಡಿದರು. ಆಮೇಲೆ ನನ್ನ ಕೈಗೆ ಕನ್ನಡಿ ಕೊಟ್ಟರು. "ಮುಳ್ಳಲ್ಲ ಇದು. ಟಾನ್ಸಿಲ್ ಕಲ್ಲು. ಚಿರೇಕಲ್ಲಿನ ಗೋಡೆ ನೋಡಿದ್ಯಲ್ಲ, ತೂತು ತೂತು ಇರ್ತದೆ. ಗಂಟಲಿನ ಎರಡೂ ಬದಿಗಿರುವ ಟಾನ್ಸಿಲಿನಲ್ಲೂ ಹಾಗೇ ಗುಳಿ ಇರ್ತದೆ. ಊಟದ ಚೂರು, ಸತ್ತ ಚರ್ಮ, ಕ್ರಿಮಿ ಎಲ್ಲ ಅಲ್ಲಿ ಕೂತು ಗಟ್ಟಿಯಾಗ್ತದೆ. ವಾಸನೆ ಅದರದ್ದು, ನಿಂದಲ್ಲ."

"ಆಪರೇಶನ್ ಬೇಕಾ?" ಅಕ್ಕ ಕೇಳಿದಳು.

"ಇಷ್ಟಕ್ಕೆ ಬೇಡ. ಪದೇ ಪದೇ ಜ್ವರ, ಗಂಟಲು ನೋವು ಬಂದ್ರೆ ಆಗ ನೋಡುವಾ. ಊಟವಾದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲಿ, ಗಂಟಲವರೆಗೆ ಹೋಗಬೇಕು. ಹಲ್ಲಿನ ಜೊತೆ ನಾಲಿಗೆಯನ್ನೂ ಉಜ್ಜಲಿ. ನೀರು ಚೆನ್ನಾಗಿ ಕುಡೀಲಿ. ಪಿನ್ನು ಹಾಕಿದವರು ಯಾರು?"

ಅಕ್ಕ ಗೋಡೆ ನೋಡಿದಳು.

"ಇವತ್ತೇ ತೆಗೀರಿ, ಸೋಮವಾರ ಸುದ್ದಿ ಓದಬೇಕು," ಎಂದೆ. ಅವರು ಒಪ್ಪಲಿಲ್ಲ. ಗಾಯ ಹಸಿ ಇದೆ, ಮುಟ್ಟುವುದಿಲ್ಲ, ಕಲ್ಲು ತಾನೇ ಬೀಳುತ್ತದೆ ಎಂದರು. ಯಾವಾಗ ಎಂದು ಕೇಳಿದರೆ, "ಸೋಮವಾರ ಬೀಳ್ತದೋ ಶುಕ್ರವಾರವೋ, ನನಗೇನು ಗೊತ್ತು?" ಎಂದರು.

ಭಾನುವಾರ ಎಂಟು ಸಲ ಮುಕ್ಕಳಿಸಿದೆ. ಪ್ರತಿ ಸಲವೂ ನೀರು ಕಾಯಿಸಿ, ಉಪ್ಪು ಹಾಕಿ, ಬೆರಳದ್ದಿ ಬಿಸಿ ನೋಡಿ ತಂದುಕೊಟ್ಟವನು ಅಪ್ಪ. ಸೋಮವಾರ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದೆ. ಕಲ್ಲು ಅಲ್ಲೇ ಇತ್ತು.

ಆದರೂ ಹೋದೆ. ನಾಲ್ಕು ಸುದ್ದಿ ಓದಿದೆ. ಐದನೆಯದನ್ನು ನಾನೇ ಬರೆದಿದ್ದೆ: "ನಮ್ಮ ಶಾಲೆಯ ಸುದ್ದಿ ಓದುವ ವಿದ್ಯಾರ್ಥಿಯ ಗಂಟಲಿನಲ್ಲಿ ಸಣ್ಣ ಕಲ್ಲಾಗಿದೆ. ಉಪ್ಪುನೀರಿನಿಂದ ಹೋಗುತ್ತದೆ ಎಂದು ಡಾಕ್ಟರು ತಿಳಿಸಿದ್ದಾರೆ. ಇದು ಯಾರಿಗೂ ಅಂಟುವುದಿಲ್ಲ." ಈ ಸಲ ಯಾರೂ ನಗಲಿಲ್ಲ. "ನಾಳೆಯಿಂದ ಊರಿನ ಸುದ್ದಿ ಸಾಕು," ಎಂದರು ಮಾಸ್ತರರು. ಆಟದ ಬಿಡುವಿನಲ್ಲಿ ಇಬ್ಬರು ಹುಡುಗರು ನನ್ನ ಬಳಿ ಬಂದು, ನಮ್ಮದೂ ನೋಡು ಎಂದು ಬಾಯಿ ತೆರೆದು ನಿಂತರು. ಕಲ್ಲು ಬುಧವಾರ ಬಿತ್ತು, ಅಕ್ಕಿನುಚ್ಚಿನಷ್ಟು.

ನಿಮ್ಮ ಕಾಲದಲ್ಲಿ ಡಾಕ್ಟರ ತನಕ ಬಸ್ಸಿನಲ್ಲಿ ಹೋಗುವ ಮೊದಲೇ ಫೋನಿನಲ್ಲಿ ಎಲ್ಲ ಗೊತ್ತಾಗುತ್ತದೆ. ಕಲ್ಲಿನ ಹೆಸರು, ಚಿತ್ರ, ಅದನ್ನು ಕಡ್ಡಿಯಿಂದ ಒತ್ತಿ ತೆಗೆಯುವ ವಿಡಿಯೊ ಕೂಡ. ನಮಗೆ ಹೆಸರೇ ಗೊತ್ತಿರಲಿಲ್ಲ. ಆದರೆ ನಿಮ್ಮಲ್ಲಿ ಒಬ್ಬ ನಾಲ್ಕು ದಿನದಿಂದ ಶಾಲೆಗೆ ಮಾಸ್ಕ್ ಹಾಕಿಕೊಂಡು ಹೋಗುತ್ತಿದ್ದಾನೆ, ಊಟಕ್ಕೂ ಬೇರೆ ಕೂರುತ್ತಾನೆ. ಯಾರೆಂದು ಹೇಳುವುದಿಲ್ಲ. ಆ ಕಡ್ಡಿ ಕೆಳಗಿಡು, ಮಗಾ. ನೀರು ಕಾಯಿಸಿಟ್ಟಿದ್ದೇನೆ. ಹತ್ತಿರ ಬಂದು ಬಾಯಿ ತೆಗಿ, ನಾನು ದೂರ ಸರಿಯುವುದಿಲ್ಲ.